ಗೈಡೆಡ್ ರೀಡಿಂಗ್ ನಡೆಸುವಾಗ ಉಳಿದ ಮಕ್ಕಳಿಗೆ ಎಷ್ಟು ಸೆಂಟರ್ ಬೇಕು?

ಗೈಡೆಡ್ ರೀಡಿಂಗ್ ಅಂದರೆ ಟೀಚರ್ ಒಂದು ಸಣ್ಣ ಗುಂಪನ್ನು ಹತ್ತಿರ ಕೂರಿಸಿಕೊಂಡು ಓದಿಸುವುದು; ಆ ಹೊತ್ತಿನಲ್ಲಿ ಉಳಿದವರು ತಾವೇ ಕೆಲಸ ಮಾಡುವ ಮೂಲೆಗಳೇ ಸೆಂಟರ್. ಐದು ಸೆಂಟರ್ ಇಟ್ಟರೂ ಮಕ್ಕಳು ನನ್ನ ಹತ್ತಿರ ಎದ್ದೆದ್ದು ಬರುತ್ತಾರೆ, ಎಂಟು ಮಾಡಲಾ ಅಂತ ಕೇಳಿದ್ದೀರಿ. ಬೇಡ. ಇನ್ನೂ ಜಾಸ್ತಿ ಬರುತ್ತಾರೆ.

ನನ್ನದು ಎರಡನೇ ತರಗತಿ. ಮೇಜಿನ ಸುತ್ತ ಐದಾರು ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದೆ, ಉಳಿದವರು ಸೆಂಟರ್‌ಗಳಲ್ಲಿ ಇರುತ್ತಿದ್ದರು. ಅವರಿಗೆ ಬೇಜಾರಾಗಬಾರದು ಅಂತ ಪ್ರತಿ ಸೋಮವಾರ ಎಲ್ಲವನ್ನೂ ಬದಲಾಯಿಸುತ್ತಿದ್ದೆ. ಹೊಸ ಪದಬಂಧ, ಹೊಸ ಕಾರ್ಡ್ ಆಟ, ಕತ್ತರಿಸಿ ಅಂಟಿಸುವ ಹೊಸ ಹಾಳೆ. ಭಾನುವಾರವೆಲ್ಲ ಅದರಲ್ಲೇ ಹೋಗುತ್ತಿತ್ತು. ತರಗತಿ ನೋಡೋಕೆ ತುಂಬಾ ಚೆನ್ನಾಗಿತ್ತು, ಬಂದವರೆಲ್ಲ ಹೊಗಳುತ್ತಿದ್ದರು.

ತಪ್ಪಿದ್ದದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಇದು ಹೊಳೆಯೋಕೆ ಬಹಳ ತಡವಾಯಿತು. ಹೊಸ ಆಟ ಬಂದರೆ ಅದಕ್ಕೆ ಹೊಸ ನಿಯಮ. ನಿಯಮ ಅರ್ಥವಾಗದಿದ್ದರೆ ಮಗು ಕೇಳಲೇಬೇಕು. ಕೇಳೋಕೆ ಇರುವವಳು ನಾನೊಬ್ಬಳೇ, ನಾನೋ ಮೇಜಿನ ಹತ್ತಿರ ಬೇರೆ ಮಕ್ಕಳ ಜೊತೆ. ವಾರದ ಕೊನೆಗೆ ಆಟ ಕೈಗೆ ಹತ್ತುತ್ತಿತ್ತು, ಗಲಾಟೆ ತಗ್ಗುತ್ತಿತ್ತು. ಅಷ್ಟರಲ್ಲಿ ಸೋಮವಾರ ಬಂದು ಅದನ್ನೂ ಬದಲಾಯಿಸುತ್ತಿದ್ದೆ. ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ ಅಂತ ಅಂದುಕೊಂಡಿದ್ದೆ. ಮಕ್ಕಳದ್ದೇನೂ ತಪ್ಪಿರಲಿಲ್ಲ.

ಒಂದು ದಿನ ಮೇಜಿನ ಹತ್ತಿರ ಒಬ್ಬ ಹುಡುಗ ‘ಕತ್ತೆ ಸಂತೆಗೆ ಹೋಯಿತು’ ಅನ್ನುವ ಸಾಲು ಓದುತ್ತಿದ್ದ. ‘ಕತೆ ಸಂತೆಗೆ ಹೋಯಿತು’ ಅಂದ. ನಿಲ್ಲಿಸಿದ. ಹುಬ್ಬು ಗಂಟಿಕ್ಕಿತು. ಬೆರಳು ವಾಪಸ್ ಆ ಪದದ ಹತ್ತಿರ ಬಂದು, ತ ಕೆಳಗಿನ ಒತ್ತಕ್ಷರದ ಮೇಲೆ ನಿಂತಿತು. ತಾನು ಓದಿದ್ದು ಸರಿಹೊಂದುತ್ತಿಲ್ಲ ಅಂತ ಅವನಿಗೇ ಗೊತ್ತಾದ ಗಳಿಗೆ ಅದು. ಗುಂಪು ಓದು ಇರುವುದೇ ಅದಕ್ಕೆ ಅಲ್ವಾ? ಆಗಲೇ ಪಕ್ಕದಿಂದ ‘ಟೀಚರ್, ಗಮ್ ಖಾಲಿ’. ನಾನು ತಿರುಗಿದೆ. ಮತ್ತೆ ಇತ್ತ ನೋಡುವಷ್ಟರಲ್ಲಿ ಅವನು ಮುಂದಿನ ಪುಟದಲ್ಲಿದ್ದ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಚೆನ್ನಾಗಿ ಓದುವ ಗುಂಪನ್ನು ಮೊದಲು ಕರೆಯುತ್ತಿದ್ದೆ, ತೀರಾ ಹಿಂದಿದ್ದವರನ್ನು ಕೊನೆಗೆ. ನಡುವಿನ ಒಂದೊಂದು ಅಡ್ಡಿಯೂ ಆ ಕೊನೆಯವರ ಸಮಯವನ್ನೇ ತಿನ್ನುತ್ತಿತ್ತು. ಅವರು ಪುಸ್ತಕ ತೆರೆಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಕಡಿಮೆ ಸಿಕ್ಕಿತು, ಅದೂ ವರ್ಷದ ಬಹುಪಾಲು. ನೀವು ಬೇರೇನು ಮಾಡದಿದ್ದರೂ ಅವರನ್ನು ಮೊದಲು ಕರೆಯಿರಿ.

ಆಮೇಲೆ ಮೇಜಿನ ಕೆಲಸ ನಿಲ್ಲಿಸಿದೆ. ಕೆಲವು ವಾರ ಸೆಂಟರ್‌ಗಳ ಅಭ್ಯಾಸ ಮಾತ್ರ: ಪುಸ್ತಕ ಎಲ್ಲಿಂದ ತೆಗೆಯಬೇಕು, ಕೆಲಸ ಮುಗಿದರೆ ಏನು ಮಾಡಬೇಕು, ಪೆನ್ಸಿಲ್ ಮುರಿದರೆ ಯಾರನ್ನು ಕೇಳಬೇಕು. ನಾನು ಸುಮ್ನೆ ಓಡಾಡಿಕೊಂಡು ನೋಡುತ್ತಿದ್ದೆ. ನನ್ನ ಸಹಾಯವಿಲ್ಲದೆ ಎಲ್ಲರೂ ಕಾಲು ಗಂಟೆ ಕೂರುವಂತಾದ ಮೇಲೇ ಮೇಜಿಗೆ ವಾಪಸ್ ಬಂದೆ. ಸೆಂಟರ್‌ಗಳು ಮೂರಕ್ಕೆ ಇಳಿದವು: ಜೋಡಿ ಓದು (ಇಬ್ಬರು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳುವುದು), ಅಕ್ಷರದ ಕಾರ್ಡ್‌ಗಳಿಂದ ಪದ ಕಟ್ಟುವುದು, ಬರವಣಿಗೆ. ವರ್ಷಪೂರ್ತಿ ಅವೇ. ಪುಸ್ತಕ ಬದಲಾಗುತ್ತದೆ, ಪದಗಳು ಬದಲಾಗುತ್ತವೆ, ಮಾಡುವ ರೀತಿ ಬದಲಾಗುವುದಿಲ್ಲ. ಮೇಜಿನ ಹತ್ತಿರ ಕಲಿಸಿ ಆಗಿರುವುದು ಮಾತ್ರ ಸೆಂಟರ್‌ಗೆ ಹೋಗಬೇಕು. ಬಣ್ಣ ಹಚ್ಚುವ ಹಾಳೆ ದಯವಿಟ್ಟು ಬೇಡ.

ಜೋಡಿ ಓದನ್ನು ಮಾತ್ರ ಬಿಡಬೇಡಿ. ಓದು ಕಲಿಸುವ ಬಗ್ಗೆ ನಡೆದ ಸಂಶೋಧನೆಗಳನ್ನು ಪರಿಶೀಲಿಸಿದ ಅಮೆರಿಕದ ಸಮಿತಿ, ನ್ಯಾಷನಲ್ ರೀಡಿಂಗ್ ಪ್ಯಾನೆಲ್, 2000ದಲ್ಲಿ ಕೊಟ್ಟ ವರದಿಯಲ್ಲಿ, ಗಟ್ಟಿಯಾಗಿ ಓದಿಸಿ, ತಿದ್ದಿ, ಮತ್ತೆ ಓದಿಸಿದರೆ ಓದು ಸರಾಗವಾಗುತ್ತದೆ ಎಂದಿದೆ. ಒಬ್ಬೊಬ್ಬರೇ ಮೌನವಾಗಿ ಓದಿಕೊಳ್ಳಲಿ ಅಂತ ಬಿಟ್ಟರೂ ಅದೇ ಫಲ ಸಿಗುತ್ತದೆ ಅನ್ನೋಕೆ ಅವರಿಗೆ ಸಾಕಷ್ಟು ಆಧಾರ ಸಿಗಲಿಲ್ಲ.

ಮೇಜಿನ ಹತ್ತಿರ ಒಬ್ಬರಾದ ಮೇಲೆ ಒಬ್ಬರು ಸಾಲು ಓದುವ ಪದ್ಧತಿಯನ್ನೂ ಬಿಟ್ಟುಬಿಡಿ. ಒಬ್ಬರು ಓದುವಾಗ ಉಳಿದವರು ತಮ್ಮ ಸಾಲು ಯಾವುದು ಅಂತ ಎಣಿಸುತ್ತಾ ಕೂರುತ್ತಾರೆ. ಎಲ್ಲರೂ ತಮ್ಮ ತಮ್ಮ ಪುಸ್ತಕವನ್ನು ಮೆಲುದನಿಯಲ್ಲಿ ಓದಲಿ. ನೀವು ಒಬ್ಬೊಬ್ಬರ ಕಡೆ ಬಾಗಿ ಕೇಳಿಸಿಕೊಳ್ಳಿ. ದಿನಕ್ಕೊಂದು ಮಗುವಿನ ರನ್ನಿಂಗ್ ರೆಕಾರ್ಡ್ ಬರೆದುಕೊಳ್ಳಿ. ಇದು ನ್ಯೂಜಿಲೆಂಡಿನ ಶಿಕ್ಷಣ ತಜ್ಞೆ ಮೇರಿ ಕ್ಲೇ ರೂಪಿಸಿದ ಕ್ರಮ: ಸರಿ ಓದಿದ ಪದಕ್ಕೆ ಟಿಕ್, ತಪ್ಪಿದರೆ ಮಗು ಏನು ಓದಿತೋ ಅದನ್ನೇ ಬರೆದುಕೊಳ್ಳುವುದು, ತಾನೇ ತಿದ್ದಿಕೊಂಡರೆ ಅದಕ್ಕೂ ಗುರುತು. 100 ಪದಗಳಲ್ಲಿ 95 ಅಥವಾ ಅದಕ್ಕಿಂತ ಹೆಚ್ಚು ಸರಿಯಿದ್ದರೆ ಆ ಪುಸ್ತಕವನ್ನು ಮಗು ಒಂಟಿಯಾಗಿ ಓದಬಲ್ಲದು. 90ರಿಂದ 94 ಇದ್ದರೆ ಮೇಜಿಗೆ ಸರಿಯಾದದ್ದು. ಅದಕ್ಕಿಂತ ಕಡಿಮೆಯಾದರೆ ಕಷ್ಟ, ಬೇರೆ ಪುಸ್ತಕ ಕೊಡಿ. ಈ ಚೀಟಿಗಳನ್ನು ನೋಡಿ ಆಗಾಗ ಗುಂಪು ಬದಲಾಯಿಸಿ. ಜೂನ್‌ನಲ್ಲಿ ಕೂತ ಗುಂಪಿನಲ್ಲೇ ಮಾರ್ಚ್‌ವರೆಗೂ ಮಗುವನ್ನು ಕೂರಿಸುವುದು ಅನ್ಯಾಯ.

ಯಾವ ತರಗತಿ ಅಂತ ನೀವು ಬರೆದಿಲ್ಲ. ಕಾಗುಣಿತ, ಒತ್ತಕ್ಷರ ಇನ್ನೂ ಗಟ್ಟಿಯಾಗದ ಮಕ್ಕಳಿದ್ದರೆ ಅವರಿಗೆ ಹಂತದ ಪುಸ್ತಕ (ಓದಿನ ಮಟ್ಟಕ್ಕೆ ತಕ್ಕಂತೆ ಹಂತ ಹಂತವಾಗಿ ಮಾಡಿದ ಪುಸ್ತಕ) ಕೊಟ್ಟು ‘ಚಿತ್ರ ನೋಡಿ ಊಹಿಸು’ ಅನ್ನಬೇಡಿ. ಊಹಿಸುವುದು ರೂಢಿಯಾದ ಮಗು ಅಕ್ಷರದ ಕಡೆ ನೋಡುವುದನ್ನೇ ಬಿಡುತ್ತದೆ. ಆ ಗುಂಪಿಗೆ ಮೇಜಿನ ಹೊತ್ತಿನಲ್ಲಿ ಅಕ್ಷರ–ಧ್ವನಿ ನೇರವಾಗಿ ಕಲಿಸಿ, ಕಲಿತ ಅಕ್ಷರಗಳಷ್ಟೇ ಇರುವ ನಾಲ್ಕು ಸಾಲು ನೀವೇ ಬರೆದು ಓದಿಸಿ.