ನಿಮ್ಮ ಪ್ರಶ್ನೆ: ಕಪ್ಪೆ, ತೋಳ, ಸೊಳ್ಳೆ ಮತ್ತು ಸರ್ಕಾರ

ಪ್ರಶ್ನೆ: ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಪ್ರಕೃತಿಯ ವ್ಯವಹಾರದಲ್ಲಿ ಮನುಷ್ಯ ಕೈಹಾಕಬಾರದು’ ಎಂಬ ವಿಷಯದ ಪರವಾಗಿ ಮಾತನಾಡಬೇಕಿದೆ. ಆಸ್ಟ್ರೇಲಿಯಾದ ಕಪ್ಪೆಯ ಕಥೆಯೊಂದೇ ಸಾಕು, ಗೆಲ್ಲುತ್ತೀಯೆ ಎನ್ನುತ್ತಾರೆ ಗೆಳತಿಯರು. ನಿಜವೇ ಸರ್? — ಒಬ್ಬ ವಿದ್ಯಾರ್ಥಿನಿ

ಉತ್ತರ: ಗೆಲ್ಲಲು ಸಾಕಾಗಬಹುದು. ಜೀವಶಾಸ್ತ್ರದ ಮೇಷ್ಟ್ರಾಗಿದ್ದಾಗ ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಬಹಳ ಕುಳಿತವನು ನಾನು. ಕಪ್ಪೆ ವೇದಿಕೆ ಹತ್ತಿದೊಡನೆ ಚಪ್ಪಾಳೆ ಬೀಳುತ್ತದೆ. ಆದರೆ ಎದುರಿನ ತಂಡದಲ್ಲಿ ಓದಿಕೊಂಡವರು ಒಬ್ಬರಿದ್ದರೂ ಸಾಕು, ಕಪ್ಪೆ ಬಂದಿಳಿದ ಅದೇ ಕ್ವೀನ್ಸ್‌ಲೆಂಡ್ ರಾಜ್ಯದ ಒಂದು ಪತಂಗ ನಿಮ್ಮ ಕಪ್ಪೆಯನ್ನು ನುಂಗಿಬಿಡುತ್ತದೆ.

ಮೊದಲು ಪತಂಗ. ವಸಾಹತುಗಾರರು ಬೇಲಿಗೆಂದೂ ಬಣ್ಣ ತೆಗೆಯುವ ಹುಳು ಸಾಕಲೆಂದೂ ತಂದ ಪಾಪಾಸುಕಳ್ಳಿ 1920ರ ದಶಕದ ಹೊತ್ತಿಗೆ ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ನೆಲವನ್ನು ಆವರಿಸಿತ್ತು. ರೈತರು ಜಮೀನು ಬಿಟ್ಟು ಹೋದರು. ಆಗ ಅರ್ಜೆಂಟೀನಾದಿಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಮೊಟ್ಟೆಗಳನ್ನು ತಂದರು. ತಂದವರು ನೇರವಾಗಿ ಹೊಲಕ್ಕೆ ಎಸೆಯಲಿಲ್ಲ. ಅದರ ಹುಳುಗಳ ಮುಂದೆ ಬೇರೆ ಬೆಳೆಗಳನ್ನಿಟ್ಟು, ಕಳ್ಳಿಯಲ್ಲದೆ ಇನ್ನೇನನ್ನಾದರೂ ತಿನ್ನುತ್ತವೆಯೇ ಎಂದು ನೋಡಿದರು. 1926ರಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಕಾಡು ಕೊಳೆತು ಬಿದ್ದಿತು. ಬೂನಾರ್ಗಾ ಎಂಬ ಊರಿನವರು 1936ರಲ್ಲಿ ಆ ಹುಳುವಿನ ಹೆಸರಿನಲ್ಲಿ ಒಂದು ಸ್ಮಾರಕ ಭವನವನ್ನೇ ಕಟ್ಟಿದರು. ಹುಳುವಿಗೆ ಸಿಕ್ಕ ಗೌರವ ಎಷ್ಟು ಶಾಸಕರಿಗೆ ಸಿಕ್ಕೀತು!

ಈಗ ಕಪ್ಪೆ. ಅದೇ ಕ್ವೀನ್ಸ್‌ಲೆಂಡ್, 1935. ಕಬ್ಬಿನ ಜೀರುಂಡೆಯನ್ನು ತಿನ್ನಲಿ ಎಂದು ಹವಾಯಿಯಿಂದ ಕೇನ್ ಟೋಡ್ ಎಂಬ ನೂರರಷ್ಟು ವಿಷದ ಕಪ್ಪೆಗಳನ್ನು ತಂದು, ಸಂತಾನ ಬೆಳೆಸಿ ಬಿಟ್ಟರು. ಜೀರುಂಡೆ ಇರುವುದು ಕಬ್ಬಿನ ತುದಿಯಲ್ಲಿ, ಬೇರು ತಿನ್ನುವ ಅದರ ಗೊಣ್ಣೆಹುಳು ಇರುವುದು ಮಣ್ಣಿನೊಳಗೆ. ಕಪ್ಪೆಯೋ ನೆಲದ ಮೇಲೆ. ಎರಡೂ ಎಟುಕದೆ, ಎಟುಕಿದ್ದನ್ನೆಲ್ಲ ತಿನ್ನುತ್ತ ಹರಡಿತು. ಅದನ್ನು ಹಿಡಿದು ತಿಂದ ಉಡ, ಹಾವು, ಕ್ವಾಲ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಗಳು ವಿಷವೇರಿ ಸತ್ತವು. (ಕಪ್ಪೆಯ ಮೇಲೆ ನನಗೆ ಕೋಪವಿಲ್ಲ. ಅದೇನು ಅರ್ಜಿ ಹಾಕಿಕೊಂಡು ಬಂದದ್ದಲ್ಲ.)

ಗಮನಿಸಬೇಕಾದದ್ದು ಇಲ್ಲಿದೆ. ಇದು ಬೇಡ ಎಂದು ವಾಲ್ಟರ್ ಫ್ರಾಗಟ್ ಎಂಬ ನಿವೃತ್ತ ಕೀಟಶಾಸ್ತ್ರಜ್ಞ ಆಗಲೇ ಎಚ್ಚರಿಸಿದ್ದರು. ಕೇಂದ್ರ ಸರ್ಕಾರ ಕಪ್ಪೆ ಬಿಡುವುದನ್ನು ಸ್ವಲ್ಪ ಕಾಲ ತಡೆದೂ ಇತ್ತು. ರಾಜ್ಯ ಸರ್ಕಾರದ ಒತ್ತಡ ಬಿದ್ದಿತು, 1936ರಲ್ಲಿ ತಡೆ ತೆರವಾಯಿತು. ಹತ್ತು ವರ್ಷಗಳ ಅಂತರದಲ್ಲಿ ಒಂದೇ ರಾಜ್ಯ ಪ್ರಕೃತಿಯಲ್ಲಿ ಎರಡು ಸಲ ಕೈಹಾಕಿತು. ಒಮ್ಮೆ ಪರೀಕ್ಷೆಗೆ ಕಾಯುವ ತಾಳ್ಮೆ ಇತ್ತು, ಇನ್ನೊಮ್ಮೆ ಅಡ್ಡ ಬಂದವರನ್ನು ಸರಿಸುವ ಅವಸರವಿತ್ತು.

ಆದ್ದರಿಂದ, ಪರವಾಗಿಯೇ ಮಾತನಾಡಬೇಕೆಂದಿದ್ದರೆ, ಮನುಷ್ಯನಿಗೆ ತಿಳಿವಳಿಕೆ ಸಾಲದು ಎನ್ನಬೇಡಿ; ಪತಂಗ ಅದನ್ನು ಸುಳ್ಳುಮಾಡುತ್ತದೆ. ತಿಳಿವಳಿಕೆ ಕಣ್ಣೆದುರಿಗೇ ಇದ್ದರೂ ಆಳುವವರು ಅದನ್ನು ಬದಿಗಿಡುತ್ತಾರೆ ಎನ್ನಿ. ಎದುರಾಳಿ ಪತಂಗವನ್ನು ತಂದರೆ ಅದೇ ಪತಂಗದ ಮುಂದಿನ ಕಥೆ ಹೇಳಿ: 1957ರಲ್ಲಿ ಕೆರಿಬಿಯನ್‌ನ ನೆವಿಸ್ ದ್ವೀಪಕ್ಕೂ ಅದನ್ನು ತಂದರು, 1989ರಲ್ಲಿ ಅದು ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಪಾಪಾಸುಕಳ್ಳಿ ಕಳೆಯಲ್ಲ, ಆ ನೆಲದ್ದೇ ಸಸ್ಯ. ಆಸ್ಟ್ರೇಲಿಯಾ ಮಾಡಿದ ಪರೀಕ್ಷೆ ಆಸ್ಟ್ರೇಲಿಯಾಕ್ಕೆ ಮಾತ್ರ ಉತ್ತರ ಕೊಟ್ಟಿತ್ತು.

ಪ್ರಶ್ನೆ: ಏನೂ ಮಾಡದೆ ಸುಮ್ಮನಿದ್ದರೆ ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುವುದಿಲ್ಲವೇ?

ಉತ್ತರ: ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾದ ನಡುವಿನ ಮೆಕ್ವಾರಿ ದ್ವೀಪದ ಕಡಲಹಕ್ಕಿಗಳನ್ನು ಕೇಳಿ. ಸೀಲ್ ಬೇಟೆಯವರು ಬಿಟ್ಟುಹೋದ ಬೆಕ್ಕು, ಇಲಿ, ಮೊಲಗಳು ನೂರು ವರ್ಷಕ್ಕೂ ಮಿಕ್ಕಿ ಅಲ್ಲಿದ್ದವು, ಏನೂ ಸರಿಹೋಗಲಿಲ್ಲ. 2000ದ ಹೊತ್ತಿಗೆ ಬೆಕ್ಕುಗಳನ್ನು ಮುಗಿಸಿದರು. ಮೊಲಗಳು ಹೆಚ್ಚಿ ಗುಡ್ಡಗಳನ್ನು ಬೋಳಿಸಿದವು. ಬೆಕ್ಕು ಹೋದದ್ದೊಂದೇ ಅದಕ್ಕೆ ಕಾರಣವೇ ಎಂದು ವಿಜ್ಞಾನಿಗಳು ಜಗಳವಾಡಿದ್ದಾರೆ. ಕೊನೆಗೆ ಮೊಲ, ಇಲಿಗಳನ್ನೂ ತೆಗೆದು 2014ರಲ್ಲಿ ದ್ವೀಪ ಸ್ವಚ್ಛವಾಯಿತು ಎಂದು ಘೋಷಿಸಿದರು. ಈಗ ಹುಲ್ಲು ಮರಳುತ್ತಿದೆ, ಹಕ್ಕಿಗಳೂ. ಒಮ್ಮೆ ಕೈಹಾಕಿದವರು ಅರ್ಧಕ್ಕೆ ಕೈತೊಳೆದುಕೊಂಡು ಅದಕ್ಕೆ ಸಂಯಮ ಎಂದು ಹೆಸರಿಟ್ಟುಕೊಳ್ಳುವುದು ನನಗೆ ಹಿಡಿಸದು.

ಪ್ರಶ್ನೆ: ಇಂಥ ವಿಷಯಗಳನ್ನು ತಜ್ಞರ ಸಮಿತಿಗೆ ಬಿಡುವ ಬದಲು ಜನರ ಮತಕ್ಕೇ ಹಾಕಬಾರದೇಕೆ?

ಉತ್ತರ: ಹಾಕಿದ್ದಾರೆ. ಅಮೆರಿಕದ ಕೊಲರಾಡೊದಲ್ಲಿ 2020ರ ನವೆಂಬರ್‌ನಲ್ಲಿ, ತೋಳಗಳನ್ನು ಕಾಡಿಗೆ ಮರಳಿ ತರಬೇಕೇ ಎಂದು ಮತದಾರರನ್ನೇ ಕೇಳಿದರು. ತರಬೇಕು ಎಂದವರು ಶೇಕಡ 51ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಆ ಮತಗಳಲ್ಲಿ ದೊಡ್ಡ ಪಾಲು ಬೆಟ್ಟಸಾಲಿನ ಪೂರ್ವದ ನಗರಗಳದ್ದು. ತೋಳಗಳನ್ನು ಬಿಡಬೇಕಾಗಿದ್ದದ್ದು ಪಶ್ಚಿಮದಲ್ಲಿ, ಅಲ್ಲಿಯ ಹೆಚ್ಚಿನ ಕೌಂಟಿಗಳು, ಅಂದರೆ ಜಿಲ್ಲೆಗಳು, ಬೇಡವೆಂದಿದ್ದವು. 2023ರ ಡಿಸೆಂಬರ್‌ನಲ್ಲಿ ಆರೆಗಾನ್‌ನಿಂದ ಹತ್ತು ತೋಳಗಳು ಬಂದವು. ಆಮೇಲೆ ಕರುಗಳೂ ಕುರಿಗಳೂ ಸತ್ತವು.

ತೋಳದ ಪಕ್ಷ ನನ್ನದು. ಇಪ್ಪತ್ತನೆಯ ಶತಮಾನದ ನಡುಭಾಗದೊಳಗೆ ಅದನ್ನು ಅಲ್ಲಿಂದ ನಿರ್ನಾಮ ಮಾಡಿದ್ದೂ ಮನುಷ್ಯರೇ. ಕೊಂದವರಿಗೆ ಬಹುಮಾನ ಕೊಡುವ ಪದ್ಧತಿಯಿತ್ತು. ಆ ಕೊಲೆಯನ್ನು ಯಾರೂ ‘ಕೈಹಾಕುವುದು’ ಎನ್ನಲಿಲ್ಲ, ಮರಳಿ ತಂದಾಗ ಮಾತ್ರ ಆ ದೂರು ಎದ್ದಿತು. ಆದರೂ ಹಟ್ಟಿಯ ಪಕ್ಕದಲ್ಲಿರುವವನ ಮತವನ್ನೂ ತೋಳವನ್ನು ಎಂದೂ ಕಾಣದವನ ಮತವನ್ನೂ ಒಂದೇ ಎಂದು ಎಣಿಸಿ ಮುಗಿಸಿದರೆ ಗೆದ್ದವರ ಕರ್ತವ್ಯ ಮುಗಿಯುವುದಿಲ್ಲ. ಅಲ್ಲಿ ಸತ್ತ ದನವೊಂದಕ್ಕೆ 15,000 ಡಾಲರ್‌ವರೆಗೆ ಪರಿಹಾರವಿದೆ. ಒಳ್ಳೆಯದು. ರಾತ್ರಿಯಿಡೀ ಕಾವಲು ಕುಳಿತವನ ನಿದ್ದೆಗೆ ರಸೀದಿ ಬರೆಯುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ಬೇಕೆಂದು ಮತ ಹಾಕಿದ ನಗರಗಳು ಕಾವಲುಗಾರರ ಸಂಬಳವನ್ನೂ ಹೊರಲಿ, ಅದೂ ತೋಳ ಬರುವ ಮೊದಲೇ.

ಪ್ರಶ್ನೆ: ಮಲೇರಿಯಾ ಹರಡುವ ಸೊಳ್ಳೆಯ ಕುಲವನ್ನೇ ಅಳಿಸುವ ತಂತ್ರಜ್ಞಾನ ಬರುತ್ತಿದೆಯಂತೆ. ಒಂದು ಜೀವಜಾತಿಯನ್ನು ಬೇಕೆಂದೇ ಇಲ್ಲವಾಗಿಸುವುದು ಪಾಪವಲ್ಲವೇ? ನೀವು ಯಾವ ಕಡೆ? — ಒಬ್ಬ ನಿವೃತ್ತ ದಾದಿ

ಉತ್ತರ: ಅಳಿಸುವ ಕಡೆ. ಸುತ್ತಿಬಳಸುವುದಿಲ್ಲ. 2023ರಲ್ಲಿ ಮಲೇರಿಯಾದಿಂದ ಸುಮಾರು ಆರು ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರು ಆಫ್ರಿಕಾದ, ಐದು ವರ್ಷದೊಳಗಿನ ಮಕ್ಕಳು. ನೀವು ಅಂಥ ಜ್ವರದ ಮಕ್ಕಳನ್ನು ನೋಡಿಕೊಂಡವರು, ನಿಮಗೆ ನಾನು ಹೇಳಬೇಕಿಲ್ಲ. ಸೊಳ್ಳೆಗಳಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿವೆ. ಈ ತಂತ್ರದ ಗುರಿ ಅನಾಫಿಲೀಸ್ ಗ್ಯಾಂಬಿಯೆಯಂಥ ಕೆಲವೇ ಜಾತಿಗಳು. ಸಿಡುಬಿನ ವೈರಸ್ಸನ್ನು ಪ್ರಪಂಚದಿಂದ ಹೊರದಬ್ಬಿದ್ದಕ್ಕೆ 1980ರಲ್ಲಿ ಸಂಭ್ರಮಿಸಿದವರು ನಾವೇ ತಾನೆ?

ತಂತ್ರದ ಹೆಸರು ಜೀನ್ ಡ್ರೈವ್. ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಒಂದು ಜೀನ್ ಅರ್ಧದಷ್ಟು ಮಕ್ಕಳಿಗೆ ಮಾತ್ರ ಹೋಗುತ್ತದೆ. ಇಲ್ಲಿ ತಿದ್ದಿದ ಜೀನ್ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಹೋಗುವಂತೆ ಮಾಡುತ್ತಾರೆ. ಪೀಳಿಗೆ ಕಳೆದಂತೆ ಹೆಣ್ಣುಗಳು ಬಂಜೆಯಾಗುತ್ತವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪಂಜರಗಳಲ್ಲಿ ಸೊಳ್ಳೆಗಳ ಗುಂಪು ಹೀಗೆ 7ರಿಂದ 11 ಪೀಳಿಗೆಗಳಲ್ಲಿ ಕುಸಿಯಿತೆಂದು 2018ರಲ್ಲಿ ಪ್ರಕಟಿಸಿದರು. ಪಂಜರದಲ್ಲಿ. ಹೊರಗೆ ಬಿಟ್ಟರೆ ಹಿಂದಕ್ಕೆ ಕರೆಯಲಾಗದು, ಒಂದು ದೇಶ ಬಿಟ್ಟರೆ ನೆರೆಯ ದೇಶವೂ ಬಿಟ್ಟಂತೆಯೇ. ಹಾಗಾಗಿ ನೆರೆಯವರ ಒಪ್ಪಿಗೆಯಿಲ್ಲದೆ ಬೇಡ, ಪಂಜರದಿಂದ ಹೊಲಕ್ಕೆ ಜಿಗಿಯುವುದೂ ಬೇಡ.

ಈ ಷರತ್ತು ನನಗೇ ಕಹಿ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ 2019ರಲ್ಲಿ, ಹಳ್ಳಿಯವರ ಜೊತೆ ಮಾತುಕತೆ ನಡೆಸಿದ ಮೇಲೆ, ಬಂಜೆ ಗಂಡು ಸೊಳ್ಳೆಗಳನ್ನು ಪ್ರಯೋಗಕ್ಕಾಗಿ ಬಿಟ್ಟಿದ್ದರು. ಜೀನ್ ಡ್ರೈವ್ ಅಲ್ಲ, ಅದರ ಹಿಂದಿನ ಮೆಟ್ಟಿಲು. 2025ರ ಆಗಸ್ಟ್‌ನಲ್ಲಿ ಅಲ್ಲಿಯ ಸರ್ಕಾರ ಇಡೀ ಯೋಜನೆಯನ್ನು ನಿಲ್ಲಿಸಿತು. ನಿರ್ಧಾರ ತಪ್ಪೆಂದು ನನ್ನ ಅಭಿಪ್ರಾಯ. ಆದರೆ ಬೇಡ ಎನ್ನುವ ಹಕ್ಕು ಅವರದ್ದು. ಕಪ್ಪೆ ಬಿಡಬೇಡಿ ಎಂದ ಫ್ರಾಗಟ್‌ರನ್ನು ಮೇಲೆ ಹೊಗಳಿದವನು, ಈಗ ತಡೆ ನನಗೆ ಹಿಡಿಸಲಿಲ್ಲವೆಂದು ಅದನ್ನು ದಾಟಿ ಹೋಗಿ ಎನ್ನಲಾರೆ. ಒಪ್ಪಿಸಲು ಮತ್ತೆ ಹೋಗಿ ಕೂರಬೇಕು, ಅಷ್ಟೇ. ಅಷ್ಟರಲ್ಲಿ ಸೊಳ್ಳೆಪರದೆ, ಔಷಧ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಲಸಿಕೆ ಇವುಗಳಿಗೆ ಹಣ ಕಡಿತವಾಗದಂತೆ ಜಗಳವಾಡಬೇಕು.