ಶೆಲ್‌ಗೆ ಹೆಲ್ಪ್ ಆದೇಶ ಸೇರಿಸುವ ಬಗೆ

ಸಿ ಭಾಷೆಯಲ್ಲಿ ನೀವು ಬರೆಯುತ್ತಿರುವ ಶೆಲ್‌ನಲ್ಲಿ (ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಪ್ರೋಗ್ರಾಂನಲ್ಲಿ) ‘ಹೆಲ್ಪ್’ ಆದೇಶವನ್ನು ಎಲ್ಲಿ ಸೇರಿಸಬೇಕೆಂದು ಕೇಳಿದ್ದೀರಿ. ಬಳಕೆದಾರರು ಟೈಪ್ ಮಾಡಿದ ಸಾಲನ್ನು ಪದಗಳಾಗಿ ಬಿಡಿಸಿದ ನಂತರ, ಫೋರ್ಕ್ ಮಾಡುವುದಕ್ಕೆ (ಹೊಸ ಪ್ರಕ್ರಿಯೆಯನ್ನು ಹುಟ್ಟಿಸುವುದಕ್ಕೆ) ಮುಂಚೆಯೇ, ಮೊದಲ ಪದವು ಶೆಲ್‌ನ ಒಳಗಿನ ಆದೇಶವೇ ಎಂದು ಪರೀಕ್ಷಿಸಿ. ಇದಕ್ಕಾಗಿ ಪ್ರತಿ ಆದೇಶದ ಹೆಸರು, ಅದನ್ನು ನಡೆಸುವ ಫಂಕ್ಷನ್‌ನ ಪಾಯಿಂಟರ್ (ವಿಳಾಸ) ಹಾಗೂ ಒಂದು ಸಾಲಿನ ವಿವರಣೆಯನ್ನು ಹೊಂದಿದ ಸ್ಟ್ರಕ್ಟ್‌ಗಳ (ಹಲವು ಮಾಹಿತಿಗಳನ್ನು ಒಟ್ಟಿಗೆ ಹಿಡಿದಿಡುವ ರಚನೆಗಳ) ಒಂದೇ ಅರೇ, ಅಂದರೆ ಪಟ್ಟಿ, ಇರಲಿ. ಹೆಲ್ಪ್ ಕೂಡ ಅದನ್ನೇ ಓದಿ ಮುದ್ರಿಸಿದರೆ, ಮುಂದೆ ಸೇರಿಸುವ ಆದೇಶದ ವಿವರಣೆಯೂ ತಾನಾಗಿಯೇ ಕಾಣಿಸುತ್ತದೆ. ವಿವರಣೆಗಳನ್ನು ಬೇರೊಂದು ಕಡೆ ಪ್ರಿಂಟ್‌ಎಫ್ (ಪಠ್ಯವನ್ನು ಮುದ್ರಿಸುವ ಸಿ ಫಂಕ್ಷನ್) ಸಾಲುಗಳಾಗಿ ಬರೆಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅವು ಬಹುಬೇಗ ಹಳತಾಗಿ ಬಳಕೆದಾರರ ದಾರಿ ತಪ್ಪಿಸುತ್ತವೆ. ‘ಹೆಲ್ಪ್ ಸಿಡಿ’ ಎಂದಾಗ, ಬಹಳ ಬಳಕೆಯಲ್ಲಿರುವ ಬ್ಯಾಶ್ ಎಂಬ ಶೆಲ್‌ನಲ್ಲಿರುವಂತೆ, ಸಿಡಿ (ಫೋಲ್ಡರ್ ಬದಲಿಸುವ ಆದೇಶ) ಒಂದರ ವಿವರವನ್ನಷ್ಟೇ ತೋರಿಸಿ. ಹೆಸರು ಸಿಗದಿದ್ದರೆ ಸಂದೇಶವನ್ನು ಸ್ಟ್ಯಾಂಡರ್ಡ್ ಎರರ್‌ಗೆ (ದೋಷ ಸಂದೇಶಗಳಿಗೆಂದೇ ಇರುವ ಔಟ್‌ಪುಟ್‌ಗೆ) ಕಳುಹಿಸಿ, ವಿಫಲವಾಯಿತೆಂಬ ಗುರುತಾಗಿ ಸೊನ್ನೆಯಲ್ಲದ ಸಂಖ್ಯೆಯನ್ನು ಹಿಂದಿರುಗಿಸಿ.