ಪ್ರಶ್ನೋತ್ತರ: ಸಾಮೂಹಿಕ ಧ್ಯಾನದಿಂದ ಕಲಹ ತಗ್ಗುತ್ತದೆಯೇ?

ಪ್ರಶ್ನೆ: ಜನಸಂಖ್ಯೆಯ ಶೇ 1ರ ವರ್ಗಮೂಲದಷ್ಟು ಮಂದಿ ಒಟ್ಟಿಗೆ ಕುಳಿತು ಧ್ಯಾನ ಮಾಡಿದರೆ ಆ ಪ್ರದೇಶದಲ್ಲಿ ಹಿಂಸೆ ಕಡಿಮೆಯಾಗುತ್ತದೆ ಎಂದು ನಮ್ಮ ಧ್ಯಾನ ಕೇಂದ್ರದಲ್ಲಿ ಹೇಳುತ್ತಾರೆ. ಇದು ವೈಜ್ಞಾನಿಕವಾಗಿ ಸಾಬೀತಾಗಿದೆಯೇ? ನಮ್ಮ ಸಂಘದಲ್ಲಿ ಎರಡು ಬಣಗಳ ನಡುವೆ ಬಹುಕಾಲದ ಮನಸ್ತಾಪವಿದೆ. ಮಾತುಕತೆಯ ಬದಲು ಸಾಮೂಹಿಕ ಧ್ಯಾನ ಏರ್ಪಡಿಸಬಹುದೇ?

ಉತ್ತರ: ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಧ್ಯಾನಿಗಳ ಗುಂಪೊಂದು ತನ್ನ ಪಾಡಿಗೆ ಕುಳಿತಿದ್ದರೆ, ಅವರನ್ನು ಕಂಡೂ ಕೇಳಿಯೂ ಇಲ್ಲದ ಜನರು ಶಾಂತರಾಗುತ್ತಾರೆ ಎಂಬುದು ಒಂದು. ಧ್ಯಾನ ಮಾಡಿದವರ ನಡವಳಿಕೆಯೇ ಬದಲಾಗಿ, ಅದರ ಮೂಲಕ ಜಗಳ ತಗ್ಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಸಾಬೀತಾಗಿಲ್ಲ. ಎರಡನೆಯದರಲ್ಲಿ ಸತ್ಯಾಂಶವಿದೆ, ಆದರೆ ಷರತ್ತುಗಳೊಂದಿಗೆ.

ವರ್ಗಮೂಲದ ಮಾತು ಭಾವಾತೀತ ಧ್ಯಾನವನ್ನು ಪ್ರಚುರಪಡಿಸಿದ ಮಹರ್ಷಿ ಮಹೇಶ್ ಯೋಗಿಯವರ ಬಳಗದಿಂದ ಬಂದದ್ದು. ಶೇ 1ರಷ್ಟು ಜನ ಧ್ಯಾನ ಮಾಡಿದರೆ ಸಾಕು ಎಂಬುದು ಆರಂಭದ ಪ್ರತಿಪಾದನೆಯಾಗಿತ್ತು. ಮುಂದೆ, ಉನ್ನತ ಅಭ್ಯಾಸದವರು ಗುಂಪಾಗಿ ಕುಳಿತರೆ ಅದರ ವರ್ಗಮೂಲವೇ ಸಾಕೆಂದಾಯಿತು. ಆ ಲೆಕ್ಕದಲ್ಲಿ ಒಂದು ಕೋಟಿ ಜನರಿಗೆ 316 ಮಂದಿ, 800 ಕೋಟಿಯ ಜಗತ್ತಿಗೆ ಸುಮಾರು 9,000 ಮಂದಿ ಬೇಕು. ಇಷ್ಟು ಸುಲಭದಲ್ಲಿ ಶಾಂತಿ ದೊರೆಯುವುದಾದರೆ ಯಾರಿಗೆ ತಾನೇ ಬೇಡ? ಹಾಗಾಗಿಯೇ ಇದನ್ನು ಮೂದಲಿಸದೆ ಪರಿಶೀಲಿಸಬೇಕು.

ಈ ವಾದದ ಪ್ರಮುಖ ಆಧಾರ 1983ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಜೆರುಸಲೇಮ್‌ನಲ್ಲಿ ನಡೆದ ಪ್ರಯೋಗ. ಧ್ಯಾನಕ್ಕೆ ಕುಳಿತವರ ಸಂಖ್ಯೆ ಹೆಚ್ಚಿದ್ದ ದಿನಗಳಲ್ಲಿ ನೆರೆಯ ಲೆಬನಾನ್‌ನ ಯುದ್ಧದ ತೀವ್ರತೆ ಇಳಿದಿತ್ತು ಎಂದು ಅದರ ವರದಿ ಹೇಳಿತು. 1988ರಲ್ಲಿ ಅದು ಸಂಘರ್ಷ ಅಧ್ಯಯನದ ಗಣ್ಯ ನಿಯತಕಾಲಿಕದಲ್ಲೇ ಪ್ರಕಟವಾಯಿತು. ಆದರೆ ಆ ಎರಡು ತಿಂಗಳ ಲೆಬನಾನ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸೆಪ್ಟೆಂಬರ್ ಆರಂಭದಲ್ಲಿ ಇಸ್ರೇಲಿ ಸೇನೆ ಶೂಫ್ ಬೆಟ್ಟಗಳಿಂದ ಹಿಂದೆ ಸರಿದ ಕೂಡಲೇ ಅಲ್ಲಿ ಘೋರ ಕಾಳಗ ಭುಗಿಲೆದ್ದಿತು, ತಿಂಗಳ ಕೊನೆಗೆ ಕದನವಿರಾಮ ಏರ್ಪಟ್ಟಿತು. ಸೇನೆಗಳ ಚಲನೆ ಮತ್ತು ರಾಜಕೀಯ ಒಪ್ಪಂದಗಳಿಂದಲೇ ಇಷ್ಟೊಂದು ಏರಿಳಿತ ಕಂಡ ಅವಧಿಯಲ್ಲಿ, ಇಳಿಕೆಯ ಶ್ರೇಯಸ್ಸನ್ನು ಧ್ಯಾನಿಗಳ ತಲೆಯೆಣಿಕೆಗೆ ಕೊಡಲು ನನಗೆ ಧೈರ್ಯ ಸಾಲದು. 1990ರಲ್ಲಿ ಅದೇ ನಿಯತಕಾಲಿಕ ಈ ಪ್ರಯೋಗದ ವಿಧಾನವನ್ನು ಪ್ರಶ್ನಿಸುವ ವಿಮರ್ಶೆಯನ್ನೂ ಪ್ರಕಟಿಸಿತು.

1993ರ ಜೂನ್ ಮತ್ತು ಜುಲೈನಲ್ಲಿ ವಾಷಿಂಗ್ಟನ್ ನಗರದಲ್ಲಿ ಸುಮಾರು 4,000 ಮಂದಿ ಸೇರಿದ್ದರು. ಹಿಂಸಾಪರಾಧ ಶೇ 23ರವರೆಗೆ ಇಳಿಯಿತೆಂದು ಸಂಘಟಕರು ಸಾರಿದರು. ಆ ಇಳಿಕೆಯನ್ನು ಅಳೆದದ್ದು, ಧ್ಯಾನ ನಡೆಯದೇ ಇದ್ದಿದ್ದರೆ ಇಷ್ಟಾಗುತ್ತಿತ್ತು ಎಂದು ಗಣಿತದ ಮಾದರಿಯೊಂದು ಅಂದಾಜಿಸಿದ ಸಂಖ್ಯೆಗೆ ಹೋಲಿಸಿ. ಆ ವರ್ಷ ನಗರದಲ್ಲಿ 454 ಕೊಲೆಗಳಾದವು. ಹಿಂದಿನ ವರ್ಷದ ಲೆಕ್ಕ 443.

ಇನ್ನು ಎರಡನೆಯ ಸಂಗತಿ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ನನಗೆ ತುಂಬ ಮೆಚ್ಚುಗೆಯಾದದ್ದು. ಎಂಟು ವಾರ ಧ್ಯಾನ ಕಲಿತವರನ್ನೂ ಕಲಿಯದವರನ್ನೂ ಒಬ್ಬೊಬ್ಬರಾಗಿ ಬರಹೇಳಿ, ಮೂರು ಕುರ್ಚಿಗಳಿರುವ ಕೋಣೆಯಲ್ಲಿ ಕಾಯುವಂತೆ ಮಾಡಿದರು. ಎರಡು ಕುರ್ಚಿಗಳಲ್ಲಿ ಸಂಶೋಧಕರ ಕಡೆಯವರೇ ಕುಳಿತಿದ್ದರು. ಮೂರನೆಯದರಲ್ಲಿ ಈ ವ್ಯಕ್ತಿ ಕುಳಿತ ಸ್ವಲ್ಪ ಹೊತ್ತಿಗೆ ಊರುಗೋಲು ಹಿಡಿದ ಮಹಿಳೆಯೊಬ್ಬರು ನೋವಿನಿಂದ ನಿಟ್ಟುಸಿರು ಬಿಡುತ್ತ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದರು; ಉಳಿದಿಬ್ಬರು ತಲೆಯೆತ್ತುತ್ತಿರಲಿಲ್ಲ. ಧ್ಯಾನ ಕಲಿಯದವರಲ್ಲಿ ಶೇ 16ರಷ್ಟು ಮಂದಿ ಎದ್ದು ಜಾಗ ಕೊಟ್ಟರೆ, ಕಲಿತವರಲ್ಲಿ ಅರ್ಧದಷ್ಟು ಮಂದಿ ಎದ್ದರು. ಭಾಗವಹಿಸಿದವರು ಕೆಲವೇ ಮಂದಿಯಾದರೂ, ಧ್ಯಾನದ ಫಲವನ್ನು ಕಣ್ಣಿಗೆ ಕಾಣುವ ಕ್ರಿಯೆಯಲ್ಲಿ ಅಳೆದದ್ದು ಇದರ ಹೆಚ್ಚುಗಾರಿಕೆ.

ಆದರೂ, ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯೊಂದು ನಮ್ಮ ಉತ್ಸಾಹಕ್ಕೆ ಕಡಿವಾಣ ಹಾಕುತ್ತದೆ. ಕರುಣೆ ಹೆಚ್ಚಿದ್ದು ಕಂಡುಬಂದದ್ದು ಮುಖ್ಯವಾಗಿ, ಧ್ಯಾನ ಕಲಿಸಿದವರೇ ಸಂಶೋಧನೆಯಲ್ಲೂ ಪಾಲುದಾರರಾಗಿದ್ದಾಗ ಅಥವಾ ಹೋಲಿಕೆಯ ಗುಂಪಿಗೆ ಬೇರಾವ ಚಟುವಟಿಕೆಯನ್ನೂ ಕೊಡದಿದ್ದಾಗ. ಆಕ್ರಮಣಶೀಲತೆ ಮತ್ತು ಪೂರ್ವಗ್ರಹದ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ.

ನಿಮ್ಮ ಸಂಘದ ವಿಷಯಕ್ಕೆ ಬಂದರೆ, ಧ್ಯಾನ ಏರ್ಪಡಿಸಿ, ಆದರೆ ಮಾತುಕತೆಯ ಬದಲಿಗೆ ಬೇಡ. ಲೆಕ್ಕಪತ್ರವೋ ಅಧಿಕಾರವೋ ಜಗಳದ ಮೂಲವಾಗಿದ್ದರೆ ಅದು ಕಣ್ಣು ಮುಚ್ಚಿ ಕುಳಿತಾಗಲೂ ಅಲ್ಲೇ ಇರುತ್ತದೆ, ಮತ್ತು ಅನ್ಯಾಯಕ್ಕೊಳಗಾದವರಿಗೆ ‘ಶಾಂತರಾಗಿರಿ’ ಎಂದು ಉಪದೇಶಿಸುವುದು ಎಷ್ಟೋ ಬಾರಿ ಅವರ ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ಒಂದೇ ಬಣದವರು ಕಲೆತು ಧ್ಯಾನ ಮಾಡಿದರೆ ಅವರವರ ಒಗ್ಗಟ್ಟು ಗಟ್ಟಿಯಾಗಬಹುದೇ ಹೊರತು ಎದುರಿನವರ ಮೇಲಿನ ಸಂಶಯ ಕರಗಬೇಕೆಂದಿಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಗುರುತಿಸಿದಂತೆ, ಭಿನ್ನ ಗುಂಪುಗಳ ಒಡನಾಟದಿಂದ ಪೂರ್ವಗ್ರಹ ಕುಗ್ಗಬೇಕಾದರೆ ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಮುಖಂಡರ ಬೆಂಬಲ ಇರಬೇಕು. ಆದ್ದರಿಂದ ಎರಡೂ ಬಣದವರು ಬೆರೆತು ಇಪ್ಪತ್ತು ನಿಮಿಷ ಮೌನವಾಗಿ ಕುಳಿತು, ಏಳುವ ಮೊದಲೇ ತಕರಾರಿನ ಒಂದೇ ಒಂದು ಅಂಶವನ್ನು ಚರ್ಚೆಗೆ ಎತ್ತಿಕೊಳ್ಳಲಿ. ಮನಸ್ಸು ತಿಳಿಯಾಗಿರುವ ಆ ಹೊತ್ತು ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲು ತಕ್ಕದ್ದು. ಎಲ್ಲಿ, ಯಾವಾಗ ಸೇರಬೇಕೆಂಬುದನ್ನು ನೀವೇ ತೀರ್ಮಾನಿಸದೆ, ಎದುರು ಬಣದವರನ್ನೇ ಮೊದಲು ಕೇಳಿ ನಿಗದಿಪಡಿಸಿ.